ಒಂದೇ ನರ, ಎರಡು ಇಕ್ಕಟ್ಟು: ‘ಡಬಲ್ ಕ್ರಶ್’ ಕಲ್ಪನೆಯ ಇತಿಹಾಸ

ಮನುಷ್ಯನ ಕೈಗೆ ಸ್ಪರ್ಶವನ್ನೂ ಚಲನೆಯನ್ನೂ ಒದಗಿಸುವ ನರಗಳು ಕೊರಳಿನ ಮೂಳೆಮಣಿಗಳ ನಡುವಿನ ಕಿಂಡಿಗಳಿಂದ ಹೊರಬಿದ್ದು, ಕುತ್ತಿಗೆಯ ಪಕ್ಕದ ಸ್ನಾಯುಗಳ ಸಂದಿನಲ್ಲಿ ಒಂದರೊಡನೊಂದು ಹೆಣೆದುಕೊಂಡು, ಕಾಲರ್ ಮೂಳೆಗೂ ಮೊದಲ ಪಕ್ಕೆಲುಬಿಗೂ ನಡುವೆ ನುಸುಳಿ, ಮೊಣಕೈಯನ್ನು ಬಳಸಿ, ಮಣಿಕಟ್ಟಿನ ಕಿರಿದಾದ ಸುರಂಗವನ್ನು ದಾಟಿ ಬೆರಳುಗಳನ್ನು ಮುಟ್ಟುತ್ತವೆ. ಈ ದಾರಿಯಲ್ಲಿ ಮೂಳೆ, ಸ್ನಾಯು ಮತ್ತು ಗಟ್ಟಿ ಪಟ್ಟಿಗಳ ನಡುವೆ ಹಿಗ್ಗಲು ಎಡೆಯಿಲ್ಲದ ಇಕ್ಕಟ್ಟುಗಳು ಹಲವಿವೆ. ಅವುಗಳಲ್ಲಿ ಯಾವುದರಲ್ಲಿ ನರ ಸಿಕ್ಕಿಕೊಂಡರೂ ರೋಗಿಯ ದೂರು ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಬೆರಳು ಜೋಮು ಹಿಡಿಯುತ್ತದೆ, ರಾತ್ರಿ ಕೈ ಜುಮುಗುಟ್ಟಿ ಎಚ್ಚರವಾಗುತ್ತದೆ, ಹಿಡಿದ ವಸ್ತು ಜಾರಿಹೋಗುತ್ತದೆ. ನೋವು ತೋರುವ ಜಾಗ ಬೇರೆ, ನೋವಿಗೆ ಕಾರಣವಿರುವ ಜಾಗ ಬೇರೆ ಆಗಿರುವ ಈ ಕಾಯಿಲೆಯಲ್ಲಿ ಒತ್ತಡ ಇರುವುದು ಎಲ್ಲಿ ಎಂಬ ಪ್ರಶ್ನೆಗೆ ಪಾಶ್ಚಾತ್ಯ ವೈದ್ಯಶಾಸ್ತ್ರ ನೂರಕ್ಕೂ ಹೆಚ್ಚು ವರ್ಷ ಒಂದೇ ಒಂದು ಉತ್ತರವನ್ನು ಹುಡುಕುತ್ತ ಬಂತು. ಉತ್ತರ ಎರಡಿರಬಹುದು, ಆ ಎರಡೂ ಪರಸ್ಪರ ಬಲ ಕೊಡುತ್ತಿರಬಹುದು ಎಂಬ ಮಾತು ಸ್ಪಷ್ಟವಾಗಿ ಮೂಡಿದ್ದು 1973ರಲ್ಲಿ, ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ.

ಕನ್ನಡದ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಪದ ರಕ್ತನಾಳಕ್ಕೂ ಸ್ನಾಯುವಿನ ಹುರಿಗೂ ಸಲ್ಲುತ್ತದೆ. ಸೂಜಿ ಚುಚ್ಚಲು ದಾದಿ ಹುಡುಕುವುದೂ ‘ನರ’ವನ್ನೇ. ಇಲ್ಲಿ ಆ ಪದವನ್ನು ಮೆದುಳು ಮತ್ತು ಬೆನ್ನುಹುರಿಯಿಂದ ಸಂದೇಶ ಒಯ್ಯುವ ಹುರಿಗೆ ಮಾತ್ರ ಬಳಸಲಾಗಿದೆ. ಇಂಥ ಒಂದೊಂದು ಹುರಿಯೊಳಗೂ ಸಾವಿರಾರು ಎಳೆಗಳಿರುತ್ತವೆ. ಆಕ್ಸಾನ್ ಎಂದು ಕರೆಯಲ್ಪಡುವ ಆ ಪ್ರತಿಯೊಂದು ಎಳೆಯೂ ಒಂದೇ ಒಂದು ಜೀವಕೋಶದ ಚಾಚು. ಸ್ನಾಯುವನ್ನು ಆಡಿಸುವ ಎಳೆಯ ತಾಯಿಕೋಶ ಬೆನ್ನುಹುರಿಯೊಳಗೇ ಇದ್ದರೆ, ಸ್ಪರ್ಶವನ್ನು ತಿಳಿಸುವ ಎಳೆಯ ತಾಯಿಕೋಶ ಬೆನ್ನುಹುರಿಯ ಪಕ್ಕದ ಗ್ಯಾಂಗ್ಲಿಯಾನ್ ಎಂಬ ಪುಟ್ಟ ಗಂಟಿನಲ್ಲಿರುತ್ತದೆ. ಈ ಚಿಕ್ಕ ಅಂಗರಚನೆಯ ವ್ಯತ್ಯಾಸವೇ ಮುಂದೆ ದೊಡ್ಡ ವಾದವೊಂದಕ್ಕೆ ಕಾರಣವಾಯಿತಾದ್ದರಿಂದ ಅದನ್ನು ನೆನಪಿನಲ್ಲಿಡುವುದು ಅಗತ್ಯ.

ಮಣಿಕಟ್ಟಿನಲ್ಲಿ ನರ ಒತ್ತಿಹೋಗಬಹುದೆಂಬುದನ್ನು ಮೊದಲು ದಾಖಲಿಸಿದವರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಪ್ರಮುಖರು. 1850ರ ದಶಕದ ಆರಂಭದಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಅವರು ಗೈಸ್ ಆಸ್ಪತ್ರೆಯ ರೋಗಿಯೊಬ್ಬನನ್ನು ಉಲ್ಲೇಖಿಸಿದ್ದಾರೆ. ಮುಂಗೈಯ ಮೂಳೆ ಮುರಿದು ಕೂಡಿಕೊಳ್ಳುವಾಗ ಅಲ್ಲಿ ಅತಿಯಾಗಿ ಬೆಳೆದ ಹೊಸ ಮೂಳೆ ಮೀಡಿಯನ್ ನರವನ್ನು, ಅಂದರೆ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿಗೆ ಸ್ಪರ್ಶ ಕೊಡುವ ನರವನ್ನು ಒತ್ತಿತ್ತು. ಆ ಬೆರಳುಗಳಲ್ಲಿ ಮಾಯದ ಹುಣ್ಣುಗಳಾಗಿದ್ದವು. ಮಣಿಕಟ್ಟನ್ನು ಒತ್ತಡ ಸಡಿಲುವಂತೆ ಬಾಗಿಸಿ ಕಟ್ಟಿದಾಗ ಹುಣ್ಣು ಮಾಯಿತು, ಕೈಯನ್ನು ಮತ್ತೆ ಬಳಸತೊಡಗಿದಾಗ ಮರುಕಳಿಸಿತು. ಕಾರಣ, ಜಾಗ ಮತ್ತು ಪರಿಹಾರ ಮೂರೂ ಇಷ್ಟು ಸ್ಪಷ್ಟವಾಗಿ ಒಟ್ಟಿಗೆ ಕಾಣಿಸಿಕೊಂಡಿದ್ದರೂ ಇದನ್ನು ಮೂಳೆಮುರಿತದ ವಿರಳ ಪರಿಣಾಮವೆಂದು ಎಣಿಸಿ ಬದಿಗಿಡಲಾಯಿತು. ಮೂಳೆ ಮುರಿಯದೆಯೇ ರಾತ್ರಿ ಹೊತ್ತು ಕೈ ಜೋಮುಗಟ್ಟುವ ಬಹುಸಂಖ್ಯೆಯ ಜನ, ಅದರಲ್ಲೂ ನಡುವಯಸ್ಸಿನ ಹೆಂಗಸರು, ಬೇರೆಯೇ ರೋಗದ ಹೆಸರಿನಡಿ ಸೇರಿಹೋದರು. ಬಾಸ್ಟನ್ನಿನ ಜೇಮ್ಸ್ ಜಾಕ್ಸನ್ ಪಟ್ನಮ್ 1880ರಲ್ಲಿ ಅಂಥ 37 ರೋಗಿಗಳನ್ನು ವಿವರಿಸಿದಾಗ ದೋಷ ಇರುವುದು ರಕ್ತಸಂಚಾರದಲ್ಲಿ ಎಂದು ಭಾವಿಸಿದರು. 1893ರಲ್ಲಿ ಜರ್ಮನಿಯ ಶುಲ್ಟ್ಸೆ ಈ ತೊಂದರೆಗೆ ‘ಆಕ್ರೋಪ್ಯಾರಸ್ತೇಸಿಯಾ’ ಎಂಬ ಹೆಸರು ಕೊಟ್ಟರು. ಕೈಕಾಲುಗಳ ತುದಿಯಲ್ಲಿ ಜುಮುಗುಟ್ಟುವಿಕೆ ಎಂಬುದಷ್ಟೇ ಅದರ ಅರ್ಥ. ಹೆಸರು ರೋಗಿಯ ದೂರನ್ನೇ ಗ್ರೀಕ್ ಭಾಷೆಯಲ್ಲಿ ಮರಳಿ ಹೇಳಿತೇ ಹೊರತು ಕಾರಣವನ್ನು ತಿಳಿಸಲಿಲ್ಲ.

ಕ್ಷಕಿರಣ 1895ರಲ್ಲಿ ಬೆಳಕಿಗೆ ಬಂದ ಮೇಲೆ ಗಮನವೆಲ್ಲ ಕುತ್ತಿಗೆಯ ಕಡೆಗೆ ಹರಿಯಿತು. ನೂರರಲ್ಲಿ ಒಬ್ಬರಿಗೂ ಇರದ, ಕೊರಳಿನ ಕೊನೆಯ ಮಣಿಯಿಂದ ಹೆಚ್ಚುವರಿಯಾಗಿ ಮೂಡುವ ಪಕ್ಕೆಲುಬೊಂದು ಆ ಚಿತ್ರಗಳಲ್ಲಿ ಕಣ್ಣಿಗೆ ಬಿದ್ದಾಗ ಕೈಯ ಜೋಮಿಗೆಲ್ಲ ಅದೇ ಕಾರಣವೆಂಬ ನಂಬಿಕೆ ಬೇರೂರಿ, ಅದನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಗಳು ನಡೆದವು. ಆ ಪಕ್ಕೆಲುಬೇ ಇಲ್ಲದವರಲ್ಲೂ ಅದೇ ದೂರು ಕಂಡಾಗ ಸಿದ್ಧಾಂತವನ್ನು ಕೈಬಿಡುವ ಬದಲು ಅಪರಾಧಿಯನ್ನು ಮಾತ್ರ ಬದಲಾಯಿಸಲಾಯಿತು: 1927ರಲ್ಲಿ ಮೇಯೋ ಕ್ಲಿನಿಕ್ಕಿನ ಆಡ್ಸನ್ ಮತ್ತು ಕಾಫಿ ಕುತ್ತಿಗೆಯ ಸ್ಕೇಲೀನ್ ಸ್ನಾಯುವನ್ನು ಕತ್ತರಿಸಿದರೆ ಸಾಕೆಂದರು, 1940ರ ದಶಕದ ನಡುವಿನಲ್ಲಿಯೂ ಬ್ರಿಟನ್ನಿನ ಹೆಸರಾಂತ ನರವೈದ್ಯ ಫ್ರಾನ್ಸಿಸ್ ವಾಲ್ಶ್, ಹೆಂಗಸರ ಹೆಗಲು ಜಗ್ಗಿ ನರಗಳು ಮೊದಲ ಪಕ್ಕೆಲುಬಿಗೆ ಒರಗುವುದೇ ಇದಕ್ಕೆಲ್ಲ ಮೂಲವೆಂದು ಬರೆದರು. ಪಾತ್ರೆ ಬಟ್ಟೆ ತೊಳೆಯುವ ಕೈಯನ್ನು ನೋಡದೆ ಹೆಗಲನ್ನೇ ನೋಡಿದ ಈ ಕಾಲಾವಧಿಯಲ್ಲಿ ಎಷ್ಟು ಮಂದಿ ಅನಗತ್ಯವಾಗಿ ಕುತ್ತಿಗೆಗೆ ಕತ್ತರಿ ಹಾಕಿಸಿಕೊಂಡರೆಂಬುದರ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ಸರಿಯಾದ ಉತ್ತರ ಈ ನಡುವೆ ಒಮ್ಮೆ ದೊರೆತು ಕಳೆದುಹೋಗಿತ್ತು. 1913ರಲ್ಲಿ ಪ್ಯಾರಿಸ್ಸಿನ ಪಿಯೇರ್ ಮರೀ ಮತ್ತು ಶಾರ್ಲ್ ಫುವಾ, ಹೆಬ್ಬೆರಳಿನ ಬುಡದ ಮಾಂಸಖಂಡ ಎರಡೂ ಕೈಗಳಲ್ಲಿ ಸವೆದುಹೋಗಿದ್ದ 80 ವರ್ಷದ ವೃದ್ಧೆಯೊಬ್ಬಳ ಮರಣೋತ್ತರ ಪರೀಕ್ಷೆ ನಡೆಸಿ, ಮಣಿಕಟ್ಟಿಗೆ ಅಡ್ಡಲಾಗಿರುವ ಗಟ್ಟಿ ಪಟ್ಟಿಯ ಅಂಚಿನಲ್ಲಿ ಮೀಡಿಯನ್ ನರ ಗಂಟಿನಂತೆ ಊದಿ, ಪಟ್ಟಿಯ ಕೆಳಗೆ ಸೊರಗಿದ್ದುದನ್ನು ಕಂಡರು. ಬೇಗ ಗುರುತಿಸಿ ಆ ಪಟ್ಟಿಯನ್ನು ಸೀಳಿದರೆ ಸ್ನಾಯುಕ್ಷಯವನ್ನು ತಡೆಯಬಹುದೆಂದೂ ಸೂಚಿಸಿದರು. ಮರುವರ್ಷ ಮಹಾಯುದ್ಧ ಆರಂಭವಾಯಿತು, ಸೂಚನೆಯನ್ನು ಕೈಗೆತ್ತಿಕೊಂಡವರಿಲ್ಲ. 1933ರಲ್ಲಿ ಜೇಮ್ಸ್ ಲರ್ಮಂತ್, 1946ರಲ್ಲಿ ಕ್ಯಾನನ್ ಮತ್ತು ಲವ್ ಇಂಥ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರಾದರೂ ವೈದ್ಯಲೋಕದ ಕಣ್ಣು ತೆರೆಸಿದ್ದು 1947ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನ. ರಸೆಲ್ ಬ್ರೈನ್, ಡಿಕ್ಸನ್ ರೈಟ್ ಮತ್ತು ಮಾರ್ಸಿಯಾ ವಿಲ್ಕಿನ್ಸನ್ ಅದರಲ್ಲಿ ಕೇವಲ ಆರು ರೋಗಿಗಳನ್ನು ವಿವರಿಸಿದ್ದರು. ಆದರೆ ಯಾವ ಮೂಳೆಮುರಿತವೂ ಇಲ್ಲದೆ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಹೋಗುತ್ತದೆ, ಪಟ್ಟಿಯನ್ನು ಸೀಳಿದರೆ ಗುಣವಾಗುತ್ತದೆ ಎಂಬುದು ಅಲ್ಲಿಂದ ಮುಂದೆ ಸಂಶಯಕ್ಕೆ ಎಡೆಯಿಲ್ಲದಂತಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಜಾರ್ಜ್ ಫೇಲನ್ ಅದನ್ನು ಜನಪ್ರಿಯಗೊಳಿಸಿದರು. ಮಣಿಕಟ್ಟನ್ನು ಒಂದು ನಿಮಿಷ ಬಾಗಿಸಿ ಹಿಡಿದು ಜೋಮು ಬರುವುದೇ ಎಂದು ನೋಡುವ ಸರಳ ಪರೀಕ್ಷೆ ಇಂದಿಗೂ ಅವರ ಹೆಸರಿನಲ್ಲಿದೆ. 1966ರ ಹೊತ್ತಿಗೆ ಅವರ ಬಳಿ 654 ಕೈಗಳ ಅನುಭವವಿತ್ತು.

ರಸೆಲ್ ಬ್ರೈನ್ ಮತ್ತು ಮಾರ್ಸಿಯಾ ವಿಲ್ಕಿನ್ಸನ್ ಅಲ್ಲಿಗೆ ನಿಲ್ಲಲಿಲ್ಲ. ಐದು ವರ್ಷಗಳ ನಂತರ, 1952ರಲ್ಲಿ, ಶಸ್ತ್ರವೈದ್ಯ ನಾರ್ತ್‌ಫೀಲ್ಡ್ ಅವರೊಡಗೂಡಿ ಇವರಿಬ್ಬರೂ ಕತ್ತಿನ ಸ್ಪಾಂಡಿಲೋಸಿಸ್ ಕುರಿತು ಸುದೀರ್ಘ ಅಧ್ಯಯನವನ್ನು ಪ್ರಕಟಿಸಿದರು. ಅದು ಅಚ್ಚಾದ ಪತ್ರಿಕೆಯ ಹೆಸರೂ ಲೇಖಕರದೇ ಆದ ‘ಬ್ರೈನ್’ ಆಗಿದ್ದುದು ಕಾಕತಾಳೀಯ. ವಯಸ್ಸಾದಂತೆ ಕೊರಳಿನ ಮೂಳೆಮಣಿಗಳ ನಡುವಿನ ಡಿಸ್ಕ್ ಎಂಬ ಮೆತ್ತೆಗಳು ಸವೆದು, ಮಣಿಗಳ ಅಂಚಿನಲ್ಲಿ ಮೂಳೆಯ ಮುಳ್ಳುಗಳು ಬೆಳೆದು, ನರಗಳು ಹೊರಬೀಳುವ ಕಿಂಡಿಗಳು ಕಿರಿದಾಗುವುದನ್ನು ಮತ್ತು ಅದರಿಂದ ನರದ ಬೇರಿಗೂ ಬೆನ್ನುಹುರಿಗೂ ಆಗುವ ಹಾನಿಯನ್ನು ಈ ಅಧ್ಯಯನ ವ್ಯವಸ್ಥಿತವಾಗಿ ನಿರೂಪಿಸಿತು. ಹೀಗೆ ನರದ ದಾರಿಯ ಎರಡು ತುದಿಗಳಲ್ಲಿನ ಎರಡು ಮುಖ್ಯ ಇಕ್ಕಟ್ಟುಗಳನ್ನೂ ಗಟ್ಟಿಯಾಗಿ ಸ್ಥಾಪಿಸಿದವರು ಬಹುಮಟ್ಟಿಗೆ ಅವರೇ. ಆದರೂ ಒಬ್ಬನೇ ರೋಗಿಯಲ್ಲಿ ಇವೆರಡೂ ಇದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಇನ್ನೂ ಎರಡು ದಶಕ ಕಾಯಬೇಕಾಯಿತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ಎಲ್ಲವನ್ನೂ ಕುತ್ತಿಗೆಯ ಮೇಲೆ ಹೇರಿದ್ದ ಹಳೆಯ ತಪ್ಪಿನಿಂದ ಆಗಷ್ಟೇ ಬಿಡಿಸಿಕೊಂಡಿದ್ದ ವೈದ್ಯರಿಗೆ ಕುತ್ತಿಗೆಯೋ ಮಣಿಕಟ್ಟೋ ಎಂದು ಬೇರ್ಪಡಿಸುವುದೇ ಜಾಣ್ಮೆಯ ಗುರುತಾಗಿತ್ತು.

ಬೇರ್ಪಡಿಸುವ ಉಪಕರಣವೂ ಅದೇ ವೇಳೆಗೆ ಬಂತು. 1956ರಲ್ಲಿ ಸಿಂಪ್ಸನ್, ಮಣಿಕಟ್ಟಿನ ಸುರಂಗದಲ್ಲಿ ಒತ್ತಿಹೋದ ನರದಲ್ಲಿ ವಿದ್ಯುತ್ ಸಂದೇಶ ನಿಧಾನವಾಗುವುದನ್ನು ಅಳೆದು ತೋರಿಸಿದರು. 1958ರಲ್ಲಿ ರೋಜರ್ ಗಿಲಿಯಟ್ ಮತ್ತು ಸಿಯರ್ಸ್ ಸ್ಪರ್ಶದ ಎಳೆಗಳ ಸಂದೇಶವನ್ನೂ ಚರ್ಮದ ಮೇಲಿನಿಂದಲೇ ದಾಖಲಿಸುವ ಕ್ರಮವನ್ನು ರೂಢಿಗೆ ತಂದರು. ನರವಾಹಕತೆ ಪರೀಕ್ಷೆಯೆಂದು ಇಂದು ಹೆಸರಾಗಿರುವ ಈ ಕ್ರಮದಿಂದ, ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆಯನ್ನು ನೋಡುವ ಇಎಂಜಿಯ ನೆರವಿನೊಡನೆ, ದೋಷ ಎಲ್ಲಿದೆ ಎಂದು ಅಳತೆಗೋಲಿನಲ್ಲಿ ಹೇಳುವುದು ಸಾಧ್ಯವಾಯಿತು. ಸಾಧ್ಯವಾದೊಡನೆ ಹೊಸ ಒಗಟುಗಳೂ ಎದ್ದವು. ಪರೀಕ್ಷೆಯಲ್ಲಿ ಅಲ್ಪ ದೋಷವಿದ್ದ ಕೆಲವರ ಯಾತನೆ ವಿಪರೀತವಾಗಿತ್ತು. ಮಣಿಕಟ್ಟಿನ ರೋಗವೆಂದು ಖಚಿತವಾದ ಕೆಲವರಿಗೆ ನೋವು ಮುಂಗೈಯನ್ನೂ ದಾಟಿ ಹೆಗಲವರೆಗೆ ಏರುತ್ತಿತ್ತು. ಪಟ್ಟಿಯನ್ನು ಸರಿಯಾಗಿ ಸೀಳಿದ ಮೇಲೂ ಕೆಲವರ ಕೈ ಹಳೆಯ ಸ್ಥಿತಿಯಲ್ಲೇ ಉಳಿಯುತ್ತಿತ್ತು.

ಈ ಒಗಟುಗಳನ್ನು ಒಟ್ಟಿಗೆ ಬಿಡಿಸಲು ಹೊರಟವರು ಹ್ಯಾಮಿಲ್ಟನ್ನಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಏಡ್ರಿಯನ್ ಅಪ್ಟನ್ ಮತ್ತು ಆಲನ್ ಮೆಕೋಮಸ್. 1973ರ ಆಗಸ್ಟ್ ತಿಂಗಳ ‘ಲ್ಯಾನ್ಸೆಟ್’ ಸಂಚಿಕೆಯಲ್ಲಿ ನಾಲ್ಕು ಪುಟಗಳಲ್ಲಿ ಅಚ್ಚಾದ ಅವರ ಲೇಖನ, ಮಣಿಕಟ್ಟಿನಲ್ಲಿ ಮೀಡಿಯನ್ ನರ ಅಥವಾ ಮೊಣಕೈಯಲ್ಲಿ ಅಲ್ನರ್ ನರ ಒತ್ತಿಹೋಗಿದ್ದ 115 ರೋಗಿಗಳನ್ನು ಆಧರಿಸಿತ್ತು. ಅಲ್ನರ್ ಎಂದರೆ ಕಿರುಬೆರಳಿನ ಕಡೆಗೆ ಹೋಗುವ, ಮೊಣಕೈ ತಾಗಿದಾಗ ಮಿಂಚು ಹೊಡೆದಂತೆ ಮಾಡುವ ನರ. ಈ 115 ಜನರಲ್ಲಿ 81 ಮಂದಿಗೆ, ಅಂದರೆ ನೂರಕ್ಕೆ 70ರಷ್ಟು ಜನರಿಗೆ, ಕುತ್ತಿಗೆಯಲ್ಲಿಯೂ ನರದ ಬೇರಿಗೆ ಹಾನಿಯಾಗಿರುವ ಸೂಚನೆಗಳಿದ್ದವು. ಇಷ್ಟು ದೊಡ್ಡ ಪ್ರಮಾಣ ಆಕಸ್ಮಿಕವಾಗಿರಲಾರದು ಎಂದು ವಾದಿಸಿದ ಲೇಖಕರು, ಒಂದು ಕಡೆ ಒತ್ತಿಹೋದ ಆಕ್ಸಾನ್ ಇನ್ನೊಂದು ಕಡೆಯ ಒತ್ತಡಕ್ಕೆ ಸುಲಭವಾಗಿ ಬಲಿಯಾಗುತ್ತದೆ, ತಾನೊಂದೇ ಆಗಿದ್ದರೆ ಯಾವ ತೊಂದರೆಯನ್ನೂ ಕೊಡದಷ್ಟು ಅಲ್ಪವಾದ ಎರಡು ಒತ್ತಡಗಳು ಒಂದೇ ಎಳೆಯ ಮೇಲೆ ಬಿದ್ದಾಗ ರೋಗವಾಗುತ್ತದೆ ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಅದಕ್ಕೆ ಅವರು ಕೊಟ್ಟ ಹೆಸರು ‘ಡಬಲ್ ಕ್ರಶ್’, ಎರಡು ಕಡೆಯ ಜಜ್ಜು. ಕುತ್ತಿಗೆಯ ಹಾನಿಯ ಜಾಗದಲ್ಲಿ ಮಧುಮೇಹದಂಥ ಇಡೀ ನರಮಂಡಲವನ್ನು ಸೊರಗಿಸುವ ಕಾಯಿಲೆಯೂ ನಿಲ್ಲಬಹುದೆಂಬ ಹೊಳಹು ಅಲ್ಲಿಯೇ ಇತ್ತು.

ಸಿದ್ಧಾಂತದ ಬೆನ್ನೆಲುಬು ನರದೊಳಗಿನ ಸಾಗಾಟ. ಆಕ್ಸಾನ್ ತನಗೆ ಬೇಕಾದ ಪ್ರೋಟೀನುಗಳನ್ನೆಲ್ಲ ತಾನೇ ತಯಾರಿಸಿಕೊಳ್ಳಲಾರದು. ಬಹುಪಾಲು ತಾಯಿಕೋಶದಿಂದಲೇ ಹೊರಟು ಎಳೆಯ ಉದ್ದಕ್ಕೂ ಸಾಗಿ ತುದಿಯನ್ನು ತಲುಪಬೇಕು. 1948ರಲ್ಲಿ ಷಿಕಾಗೋದ ಪಾಲ್ ವೈಸ್ ಮತ್ತು ಹೆಲನ್ ಹಿಸ್ಕೋ, ಪ್ರಾಣಿಗಳ ನರದ ಸುತ್ತ ರಕ್ತನಾಳದ ತುಂಡೊಂದನ್ನು ಬಿಗಿ ಉಂಗುರದಂತೆ ತೊಡಿಸಿ, ಉಂಗುರದ ಮೇಲ್ಭಾಗದಲ್ಲಿ ಎಳೆಗಳು ಕಟ್ಟೆ ಕಟ್ಟಿದ ನಾಲೆಯ ನೀರಿನಂತೆ ಉಬ್ಬಿಕೊಳ್ಳುವುದನ್ನು ತೋರಿಸಿದ್ದರು. ಹರಿವಿನ ವೇಗ ದಿನಕ್ಕೆ 1ರಿಂದ 2 ಮಿಲಿಮೀಟರ್ ಎಂಬುದು ಅಂದಿನ ತಿಳಿವಳಿಕೆ. ಆ ವೇಗದಲ್ಲಿ ಕುತ್ತಿಗೆಯಿಂದ ಹೊರಟದ್ದು ಬೆರಳನ್ನು ತಲುಪಲು ವರ್ಷವೇ ಬೇಕು. 1970ರ ಸುಮಾರಿಗೆ ಇಂಡಿಯಾನಾದ ಸಿಡ್ನಿ ಆಕ್ಸ್ ಮತ್ತೊಂದು ವೇಗದ ಹರಿವನ್ನು, ದಿನಕ್ಕೆ ಸುಮಾರು 410 ಮಿಲಿಮೀಟರ್ ಸಾಗುವ ಹರಿವನ್ನು, ಬೆಕ್ಕಿನ ನರದಲ್ಲಿ ಅಳೆದರು. ಇದಾದರೆ ಎರಡೇ ದಿನದ ಹಾದಿ. ಕುತ್ತಿಗೆಯಲ್ಲಿ ಈ ಸಾಗಾಟ ಅರೆಬರೆಯಾದರೆ ಮಣಿಕಟ್ಟಿನ ಬಳಿ ಎಳೆ ಅರೆಹೊಟ್ಟೆಯಲ್ಲಿರುತ್ತದೆ, ಆಗ ಅಲ್ಲಿನ ಸಣ್ಣ ಒತ್ತಡವೂ ಅದನ್ನು ಕೆಡವುತ್ತದೆ ಎಂಬುದು ಅಪ್ಟನ್ ಮತ್ತು ಮೆಕೋಮಸ್ ಕೊಟ್ಟ ವಿವರಣೆ. ಕೊನೆಯ ಹೊಲದ ರೈತನಿಗೆ ನೀರು ಮುಟ್ಟದ ದೂರನ್ನು ಬಲ್ಲ ಯಾರಿಗೂ ಈ ತರ್ಕ ಅಪರಿಚಿತವೆನಿಸದು, ಮತ್ತು ಅದು ಅಷ್ಟು ಬೇಗ ಹರಡಲು ಈ ಸುಲಭಗ್ರಾಹ್ಯತೆಯೇ ಒಂದು ಕಾರಣವಾಗಿದ್ದಿರಬೇಕು.

ಈ ಆಲೋಚನೆಯ ಹಿಂದೆ ಮತ್ತೊಂದು ಎಳೆಯನ್ನೂ ಗುರುತಿಸಬಹುದು. ಎರಡು ವರ್ಷ ಮೊದಲು, 1971ರಲ್ಲಿ, ಮೆಕೋಮಸ್ ತಮ್ಮ ಸಂಗಡಿಗರೊಡನೆ ಅದೇ ಪತ್ರಿಕೆಯಲ್ಲಿ ‘ಕಾಯಿಲೆಬಿದ್ದ ನರಕೋಶ’ದ ವಾದವನ್ನು ಮಂಡಿಸಿದ್ದರು: ಸ್ನಾಯುಗಳು ಸವೆದುಹೋಗುವ ಡಿಸ್ಟ್ರೋಫಿಯಂಥ ರೋಗಗಳಲ್ಲಿಯೂ ಮೂಲ ದೋಷ ಸ್ನಾಯುವಿನದಲ್ಲ, ಸಾಯದಿದ್ದರೂ ಸೊರಗಿದ, ತನ್ನ ಎಳೆಗೆ ಸಾಕಷ್ಟು ಪೋಷಣೆ ಕಳಿಸಲಾರದ ನರಕೋಶದ್ದು ಎಂಬುದು ಅದರ ಸಾರ. 1987ರಲ್ಲಿ ಡಿಸ್ಟ್ರೋಫಿನ್ ಎಂಬ ಸ್ನಾಯುವಿನ ಪ್ರೋಟೀನ್ ಪತ್ತೆಯಾದಾಗ ಡಿಸ್ಟ್ರೋಫಿಯ ಮಟ್ಟಿಗೆ ಆ ವಾದ ನಿಲ್ಲಲಿಲ್ಲ. ಆದರೆ ಸಾವಿಗೂ ಆರೋಗ್ಯಕ್ಕೂ ನಡುವೆ ಸೊರಗಿನ ಸ್ಥಿತಿಯೊಂದಿದೆ, ಹೊರಗಿನ ಚಿಕ್ಕ ಪೆಟ್ಟು ಅದನ್ನು ಬಯಲಿಗೆಳೆಯುತ್ತದೆ ಎಂಬ ಅದರ ತಿರುಳು ಡಬಲ್ ಕ್ರಶ್‌ನಲ್ಲಿ ಬೇರೆ ರೂಪದಲ್ಲಿ ಬದುಕಿಕೊಂಡಿತು.

ಮುಂದಿನ ಎರಡು ದಶಕಗಳು ಸಿದ್ಧಾಂತದ ಸುಗ್ಗಿಯ ಕಾಲ. 1981ರಲ್ಲಿ ಸ್ವೀಡನ್ನಿನ ರೈಡೆವಿಕ್ ಮತ್ತು ಲುಂಡ್‌ಬೋರ್ಗ್ ಮೊಲದ ನರದ ಮೇಲೆ ಒತ್ತಡ ಹೇರಿ, ಪಾದರಸದ 20ರಿಂದ 30 ಮಿಲಿಮೀಟರಿನಷ್ಟು ಒತ್ತಡಕ್ಕೇ ನರದೊಳಗಿನ ಕಿರುಸಿರೆಗಳಲ್ಲಿ ರಕ್ತ ತಡವರಿಸುವುದನ್ನು ಕಂಡರು. ಅದೇ ವರ್ಷ ಗೆಲ್ಬರ್‌ಮನ್ ಮತ್ತು ಸಂಗಡಿಗರು ರೋಗಿಗಳ ಮಣಿಕಟ್ಟಿನ ಸುರಂಗದೊಳಕ್ಕೆ ಸಣ್ಣ ಕೊಳವೆಯನ್ನಿಟ್ಟು ಅಳೆದಾಗ ಆರೋಗ್ಯವಂತರಲ್ಲಿ 2.5 ಮಿಲಿಮೀಟರ್ ಇದ್ದ ಒತ್ತಡ ರೋಗಿಗಳಲ್ಲಿ 32 ಇತ್ತು. ಕೈಯನ್ನು ಒಳಕ್ಕೆ ಬಾಗಿಸಿದರೆ 94ಕ್ಕೆ, ಹಿಂದಕ್ಕೆ ಬಾಗಿಸಿದರೆ 110ಕ್ಕೆ ಏರುತ್ತಿತ್ತು. ನಿದ್ದೆಯಲ್ಲಿ ಮಡಿಚಿಕೊಂಡ ಕೈ ಏಕೆ ಜೋಮು ಹಿಡಿಯುತ್ತದೆ, ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯಿಂದ ಏಕೆ ಹಿತವೆನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. 1985ರಲ್ಲಿ ಹರ್ಸ್ಟ್, ವೈಸ್‌ಬರ್ಗ್ ಮತ್ತು ಕ್ಯಾರಲ್ ಮಣಿಕಟ್ಟಿನ ಸುರಂಗರೋಗದ 1,000 ಪ್ರಕರಣಗಳನ್ನು ಪರಿಶೀಲಿಸಿ, ಕೊರಳಿನ ಕೀಲುಗಳು ಸವೆದವರಲ್ಲಿಯೂ ಮಧುಮೇಹಿಗಳಲ್ಲಿಯೂ ಎರಡೂ ಕೈಗಳಿಗೆ ರೋಗ ಬರುವುದು ಹೆಚ್ಚೆಂದು ವರದಿ ಮಾಡಿದರು. 1987ರಲ್ಲಿ ಜಪಾನಿನ ನೆಮೊಟೊ ಮತ್ತು ಸಹವೈದ್ಯರು ನಾಯಿಗಳ ನರವನ್ನು ಎರಡು ಕಡೆ ಅದುಮಿ, ಒಂದು ಕಡೆ ಮಾತ್ರ ಬಿಡಿಸಿದಾಗ ಚೇತರಿಕೆ ಅರೆಬರೆಯಾಗಿಯೂ ಎರಡೂ ಕಡೆ ಬಿಡಿಸಿದಾಗ ಉತ್ತಮವಾಗಿಯೂ ಇರುವುದನ್ನು ಕಂಡರು. ಮರುವರ್ಷ ಫಿಲಡೆಲ್ಫಿಯಾದ ಆಸ್ಟರ್‌ಮನ್, ಕುತ್ತಿಗೆಯ ತೊಂದರೆಯೂ ಇರುವವರಿಗೆ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಿಂದ ಸಿಗುವ ಲಾಭ ಕಡಿಮೆಯೆಂದು ಬರೆದಾಗ ಪ್ರಯೋಗಾಲಯದ ಮಾತು ಶಸ್ತ್ರವೈದ್ಯನ ಮೇಜಿಗೆ ಬಂದಂತಾಯಿತು. 1990ರಲ್ಲಿ ಡಾಲಿನ್ ಮತ್ತು ಲುಂಡ್‌ಬೋರ್ಗ್ ಸಿದ್ಧಾಂತವನ್ನು ತಿರುಗಿಸಿಯೂ ನೋಡಿದರು: ತುದಿಯಿಂದ ತಾಯಿಕೋಶದ ಕಡೆಗೂ ಸಾಗಾಟವಿರುವುದರಿಂದ ಮಣಿಕಟ್ಟಿನ ಒತ್ತಡ ಮೇಲಿನ ಭಾಗವನ್ನೂ ದುರ್ಬಲಗೊಳಿಸಬಲ್ಲದು. ಇದು ‘ತಿರುಗುಮುರುಗಿನ ಡಬಲ್ ಕ್ರಶ್’ ಎನಿಸಿತು.

ಸೊರಗಿದ ನರದ ಕಲ್ಪನೆಗೆ ಅನಿರೀಕ್ಷಿತ ಬೆಂಬಲ ವಂಶವಾಹಿಶಾಸ್ತ್ರದಿಂದಲೂ ಬಂತು. 1947ರಲ್ಲಿ ನೆದರ್‌ಲ್ಯಾಂಡ್ಸಿನ ಡಿ ಯಾಂಗ್ ಒಂದೇ ಕುಟುಂಬದ ಹಲವರಲ್ಲಿ, ಮಂಡಿಯೂರಿ ಹೊಲದಲ್ಲಿ ಗೆಡ್ಡೆ ಅಗೆಯುವಂಥ ಸಾಮಾನ್ಯ ಕೆಲಸದ ಒತ್ತಡಕ್ಕೇ ಕಾಲು ಸೋಲುತ್ತಿದ್ದುದನ್ನು ವಿವರಿಸಿದ್ದರು. 1993ರಲ್ಲಿ ಫಿಲಿಪ್ ಚಾನ್ಸ್ ಮತ್ತು ಸಂಗಡಿಗರು ಇದರ ಮೂಲವನ್ನು 17ನೆಯ ಕ್ರೋಮೊಸೋಮಿನ ಒಂದು ತುಣುಕು ಕಳೆದುಹೋಗಿರುವುದರಲ್ಲಿ ಗುರುತಿಸಿದರು. ಹುಟ್ಟಿನಿಂದಲೇ ನರದ ಹೊದಿಕೆ ದುರ್ಬಲವಾಗಿರುವ ಇಂಥವರಲ್ಲಿ ಮಣಿಕಟ್ಟು, ಮೊಣಕೈ, ಮಂಡಿ ಎಲ್ಲ ಕಡೆಯೂ ನರ ಸುಲಭವಾಗಿ ಸೋಲುತ್ತದೆ. ಭಾರತಕ್ಕೆ ಚಿರಪರಿಚಿತವಾದ ಕುಷ್ಠರೋಗದಲ್ಲಿ ಕಾಣುವುದೂ ಇದರದೇ ಮತ್ತೊಂದು ಮುಖ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು 1940ರ ದಶಕದ ಕೊನೆಯಿಂದ ಅಧ್ಯಯನ ಮಾಡಿದ ಆ ರೋಗಿಗಳಲ್ಲಿ ಅಲ್ನರ್ ನರ ಮೊಣಕೈಯ ತುಸು ಮೇಲೆ, ಮೀಡಿಯನ್ ನರ ಮಣಿಕಟ್ಟಿನ ತುಸು ಮೇಲೆ, ಅಂದರೆ ಇಕ್ಕಟ್ಟಿನ ಬಾಗಿಲಲ್ಲೇ ಊದಿಕೊಳ್ಳುತ್ತದೆ. ಒಳಗಿನ ಸೋಂಕಿನ ಬಾವು ಒಂದು ಕಡೆ, ಹೊರಗಿನ ಬಿಗಿಪಟ್ಟಿ ಇನ್ನೊಂದು ಕಡೆ. ಪಟ್ಟಿಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಅಲ್ಲಿಯೂ ಬಳಕೆಗೆ ಬಂದಿತಾದರೂ ಸ್ಟೀರಾಯ್ಡ್ ಔಷಧಿಯೊಂದಕ್ಕಿಂತ ಅದರಿಂದ ಹೆಚ್ಚಿನ ಲಾಭವಿದೆಯೆಂಬುದು ಪ್ರಯೋಗಗಳಿಂದ ಸಿದ್ಧವಾಗಲಿಲ್ಲ.

ಸಿದ್ಧಾಂತ ಬೆಳೆದಂತೆ ಅದರ ಬಳಕೆಯೂ ಸಡಿಲವಾಯಿತು. ಎರಡು ಕಡೆಯ ಜಜ್ಜು ಮೂರಾಗಿ, ನಾಲ್ಕಾಗಿ, ‘ಬಹುಜಜ್ಜು’ ಆಯಿತು; ವಿಫಲವಾದ ಪ್ರತಿ ಶಸ್ತ್ರಚಿಕಿತ್ಸೆಗೂ ಮೇಲೆಲ್ಲೋ ಇರುವ ಇನ್ನೊಂದು ಒತ್ತಡವನ್ನು ಕಾರಣವಾಗಿ ತೋರಿಸುವುದು ಸುಲಭವಾಯಿತು, ಮತ್ತು ಅಲ್ಲೊಂದು ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದು ಇನ್ನೂ ಸುಲಭವಾಯಿತು. ಮಧುಮೇಹದಿಂದ ಮೊದಲೇ ಸೊರಗಿದ ನರಗಳು ಇಕ್ಕಟ್ಟುಗಳಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬ ಸರಿಯಾದ ಅವಲೋಕನದಿಂದ ಹೊರಟು, ಮಧುಮೇಹಿಗಳ ಕಾಲುರಿಗೆ ಕಾಲಿನ ಹಲವು ನರಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಲೀ ಡೆಲನ್ ಮತ್ತು ಅವರ ಅನುಯಾಯಿಗಳು ಪ್ರಚಾರಕ್ಕೆ ತಂದರು. ಅಮೆರಿಕದ ನರವಿಜ್ಞಾನ ಅಕಾಡೆಮಿ 2006ರಲ್ಲಿ ಅದನ್ನು ಪರಿಶೀಲಿಸಿ, ಅದರ ಉಪಯೋಗ ಸಿದ್ಧವಾಗಿಲ್ಲವೆಂದು ಹೇಳಿತು.

ಮೂಲ ಸಿದ್ಧಾಂತಕ್ಕೆ ಅತ್ಯಂತ ಕಟುವಾದ ವಿಮರ್ಶೆ 1997ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ಕ್ಲೀವ್‌ಲ್ಯಾಂಡಿನ ಏಸಾ ವಿಲ್ಬರ್ನ್ ಮತ್ತು ನಾಲ್ಕು ದಶಕಗಳ ಹಿಂದೆ ನರವಾಹಕತೆಯ ಅಳತೆಗೆ ಬುನಾದಿ ಹಾಕಿದ್ದ ಅದೇ ರೋಜರ್ ಗಿಲಿಯಟ್. ಅವರ ಮುಖ್ಯ ಆಕ್ಷೇಪ ಅಂಗರಚನೆಯದು, ಮತ್ತು ಇಲ್ಲಿಯೇ ಆರಂಭದಲ್ಲಿ ಹೇಳಿದ ಗ್ಯಾಂಗ್ಲಿಯಾನಿನ ಪುಟ್ಟ ಗಂಟು ಮುಖ್ಯವಾಗುತ್ತದೆ. ಸ್ಪರ್ಶದ ಎಳೆಯ ತಾಯಿಕೋಶ ಆ ಗಂಟಿನಲ್ಲಿದ್ದು, ಅಲ್ಲಿಂದ ಒಂದು ಕವಲು ಬೆರಳಿನ ಕಡೆಗೂ ಇನ್ನೊಂದು ಬೆನ್ನುಹುರಿಯ ಕಡೆಗೂ ಹೋಗುತ್ತದೆ. ಡಿಸ್ಕ್ ಅಥವಾ ಮೂಳೆಮುಳ್ಳು ಸಾಮಾನ್ಯವಾಗಿ ನರದ ಬೇರನ್ನು ಒತ್ತುವುದು ಗಂಟಿಗೂ ಬೆನ್ನುಹುರಿಗೂ ನಡುವೆ. ಹಾಗಾದರೆ ಗಂಟಿನಿಂದ ಬೆರಳಿನ ಕಡೆಗೆ ಹೋಗುವ ಸಾಗಾಟಕ್ಕೆ ಆ ಒತ್ತಡದಿಂದ ಅಡ್ಡಿಯಾಗುವುದಾದರೂ ಹೇಗೆ? ಮಣಿಕಟ್ಟಿನ ರೋಗದಲ್ಲಿ ಮೊದಲು ಮತ್ತು ಹೆಚ್ಚಾಗಿ ಕೆಡುವುದು ಸ್ಪರ್ಶದ ಎಳೆಗಳೇ ಆದ್ದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಎಳೆಗಳ ಹೊಂದಾಣಿಕೆಯ ಪ್ರಶ್ನೆಯೂ ಇತ್ತು: ಸ್ಪಾಂಡಿಲೋಸಿಸ್‌ನಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಕೊರಳಿನ ಆರನೆಯ ಮತ್ತು ಏಳನೆಯ ನರಬೇರುಗಳು, ಆದರೆ ಹೆಬ್ಬೆರಳಿನ ಬುಡದ ಸ್ನಾಯುಗಳಿಗೂ ಅಲ್ನರ್ ನರಕ್ಕೂ ಎಳೆಗಳು ಬರುವುದು ಮುಖ್ಯವಾಗಿ ಎಂಟನೆಯ ಬೇರು ಮತ್ತು ಎದೆಯ ಮೊದಲ ಬೇರಿನಿಂದ. ಬೇರೆಬೇರೆ ಎಳೆಗಳ ಮೇಲಿನ ಎರಡು ಒತ್ತಡಗಳು ಒಂದಕ್ಕೊಂದು ಬಲ ಕೊಡಲಾರವು. 1998ರಲ್ಲಿ ಮಾರ್ಗನ್ ಮತ್ತು ವಿಲ್ಬರ್ನ್ ಮಣಿಕಟ್ಟಿನ ಅಥವಾ ಮೊಣಕೈಯ ಒತ್ತಡವಿದ್ದ 12 ಸಾವಿರಕ್ಕೂ ಹೆಚ್ಚು ಕೈಗಳ ದಾಖಲೆಗಳನ್ನು ತಡಕಿದಾಗ, ವಿದ್ಯುತ್ ಪರೀಕ್ಷೆಯಲ್ಲಿ ಕುತ್ತಿಗೆಯ ನರಬೇರಿನ ಹಾನಿಯೂ ಕಂಡದ್ದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಕೈಗಳಲ್ಲಿ. ಅಂಗರಚನೆಯ ಷರತ್ತನ್ನೂ ಪೂರೈಸಿದವು ಅವುಗಳಲ್ಲಿಯೂ ತೀರ ಸ್ವಲ್ಪ.

1973ರ 70ಕ್ಕೂ 1998ರ ನಾಲ್ಕಕ್ಕೂ ಇರುವ ಅಂತರ ಬಹುಮಟ್ಟಿಗೆ ಅಳತೆಗೋಲಿನದು. ಅಪ್ಟನ್ ಮತ್ತು ಮೆಕೋಮಸ್ ಕತ್ತುನೋವು, ಕ್ಷಕಿರಣದಲ್ಲಿ ಕಂಡ ಸವೆತ, ಸ್ಪರ್ಶದ ಬದಲಾವಣೆ ಎಲ್ಲವನ್ನೂ ಸೂಚನೆಗಳಾಗಿ ಪರಿಗಣಿಸಿದ್ದರು. ನಡುವಯಸ್ಸು ದಾಟಿದ ಆರೋಗ್ಯವಂತರ ಕೊರಳಿನ ಕ್ಷಕಿರಣದಲ್ಲಿಯೂ ಸವೆತ ಕಾಣುವುದು ಸರ್ವೇಸಾಮಾನ್ಯ. ಇನ್ನೊಂದು ಕಡೆ, ಇಎಂಜಿಗೆ ಸಿಕ್ಕುವುದು ಎಳೆಗಳು ಸತ್ತುಹೋದ ಮೇಲಿನ ಹಾನಿ. ಬರೀ ಸೊರಗಿದ ನರಬೇರು ಅದರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಸೊರಗಿನ ಸಿದ್ಧಾಂತವನ್ನು ಸಾವಿನ ಸಾಕ್ಷ್ಯದಿಂದ ಅಳೆಯುವುದು ಪೂರ್ತಿ ನ್ಯಾಯವೆನ್ನಲಾಗದು. 2011ರಲ್ಲಿ ಆನಿನಾ ಶ್ಮಿಡ್ ಮತ್ತು ಮಿಶೆಲ್ ಕಾಪಿಟರ್ಸ್ ತಜ್ಞರ ಅಭಿಪ್ರಾಯಗಳನ್ನು ಸುತ್ತುಸುತ್ತಾಗಿ ಸಂಗ್ರಹಿಸಿದಾಗ ಸಾಗಾಟದ ಅಡ್ಡಿ ಪಟ್ಟಿಯಲ್ಲಿ ಉಳಿದುಕೊಂಡಿತಾದರೂ ಏಕೈಕ ಕಾರಣವಾಗಿ ಉಳಿಯಲಿಲ್ಲ. ಒತ್ತಿಹೋದ ನರಕ್ಕೆ ಸಂಬಂಧಿಸಿದ ಗ್ಯಾಂಗ್ಲಿಯಾನಿನಲ್ಲಿ ಏಳುವ ಉರಿಯೂತ, ಎಳೆಯ ಪೊರೆಯಲ್ಲಿನ ಅಯಾನ್ ಬಾಗಿಲುಗಳ ಏರುಪೇರು ಮುಂತಾದವು ಅದರ ಪಕ್ಕಕ್ಕೆ ಬಂದು ಕುಳಿತವು. ಗಂಟಿನಲ್ಲೇ ಉರಿಯೂತವೇಳುವುದಾದರೆ ವಿಲ್ಬರ್ನರ ಅಂಗರಚನೆಯ ಆಕ್ಷೇಪ ಸಾಕಷ್ಟು ಸಡಿಲುತ್ತದೆ. ಒಟ್ಟಿನಲ್ಲಿ ಅಪ್ಟನ್ ಮತ್ತು ಮೆಕೋಮಸ್ ಕೊಟ್ಟ ಉತ್ತರ ಭಾಗಶಃ ತಪ್ಪಾಗಿತ್ತು, ಕೇಳಿದ ಪ್ರಶ್ನೆ ಸರಿಯಾಗಿತ್ತು ಎಂದು ತೀರ್ಮಾನಿಸಬಹುದು.

ಚಿಕಿತ್ಸೆಯಲ್ಲಿ ಈ ಇತಿಹಾಸ ಬಿಟ್ಟ ಗುರುತು ಸಿದ್ಧಾಂತದ ಗತಿಗಿಂತ ಸ್ಥಿರವಾಗಿದೆ. ಕೈಯ ಜೋಮಿಗೆ ಬಂದ ರೋಗಿಯ ಕುತ್ತಿಗೆಯನ್ನು ತಿರುಗಿಸಿ ನೋಡುವುದು, ಕುತ್ತಿಗೆಯ ನೋವಿಗೆ ಬಂದವರ ಮಣಿಕಟ್ಟನ್ನು ಬಾಗಿಸಿ ನೋಡುವುದು, ರಕ್ತದ ಸಕ್ಕರೆಯನ್ನೂ ಥೈರಾಯ್ಡನ್ನೂ ಪರೀಕ್ಷಿಸುವುದು ಈಗ ಒಳ್ಳೆಯ ರೂಢಿ. ಎರಡೂ ಕಡೆ ತೊಂದರೆ ಕಂಡಾಗ ಮೊದಲು ರಾತ್ರಿಯ ಮಣಿಕಟ್ಟಿನ ಪಟ್ಟಿ, ಕುತ್ತಿಗೆಯ ವ್ಯಾಯಾಮ, ಸುರಂಗದೊಳಗೆ ಸ್ಟೀರಾಯ್ಡ್ ಚುಚ್ಚುಮದ್ದಿನಂಥ ಉಪಾಯಗಳನ್ನು ಮಾಡಲಾಗುತ್ತದೆ. ಚುಚ್ಚುಮದ್ದಿನಿಂದ ಎಷ್ಟು ದೂರು ಹೋಯಿತು ಎಂಬುದೇ ಯಾವ ಇಕ್ಕಟ್ಟಿನ ಪಾಲು ಎಷ್ಟು ಎಂದು ತಿಳಿಸುವ ಪರೀಕ್ಷೆಯೂ ಆಗುತ್ತದೆ. ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ ಸಾಮಾನ್ಯವಾಗಿ ಮಣಿಕಟ್ಟಿನಿಂದ ಆರಂಭಿಸುತ್ತಾರೆ. ಇದಕ್ಕೆ ಕಾರಣ ಸಿದ್ಧಾಂತವಲ್ಲ, ವ್ಯವಹಾರ: ಅದು ಆ ಜಾಗವನ್ನಷ್ಟೇ ಮರಗಟ್ಟಿಸಿ ಕೆಲವೇ ನಿಮಿಷಗಳಲ್ಲಿ ಮುಗಿಸುವ ಕೆಲಸ, ಕುತ್ತಿಗೆಯದು ಬೆನ್ನುಹುರಿಯ ಪಕ್ಕದಲ್ಲೇ ನಡೆಯುವ ದೊಡ್ಡ ಕೆಲಸ. ನಡಿಗೆ ತಡವರಿಸುವುದು, ಗುಂಡಿ ಹಾಕಲು ಎರಡೂ ಕೈಗಳಿಗೆ ಆಗದಿರುವುದು, ಮೂತ್ರದ ಹಿಡಿತ ತಪ್ಪುವುದು ಇಂಥ ಬೆನ್ನುಹುರಿಯ ಒತ್ತಡದ ಲಕ್ಷಣಗಳಿದ್ದರೆ ಮಾತ್ರ ಕುತ್ತಿಗೆಗೆ ಮೊದಲ ಸ್ಥಾನ, ಅದೂ ತಡವಿಲ್ಲದೆ. ಮಣಿಕಟ್ಟನ್ನು ಬಿಡಿಸಿದ ಮೇಲೂ ಜೋಮು ಸ್ವಲ್ಪ ಉಳಿಯಬಹುದೆಂಬ ಮಾತನ್ನು ಇಂಥ ರೋಗಿಗೆ ಮೊದಲೇ ಹೇಳಬೇಕಾದದ್ದು ವೈದ್ಯನ ಹೊಣೆ. ಒಪ್ಪಿಗೆ ಪತ್ರಕ್ಕೆ ರುಜು ಹಾಕುವ ಮುನ್ನ ಕುತ್ತಿಗೆಯನ್ನು ಪರೀಕ್ಷಿಸಲಾಗಿದೆಯೇ ಎಂದು ರೋಗಿಯೂ ಒಮ್ಮೆ ಕೇಳಬೇಕು.